ಹಿಂದಿನ ಸೀಟಿನ ಸುಟ್ಟ ಕಲೆ

ಎಂಜಿನ್ ತಣ್ಣಗಿರಬೇಕು ಎಂದು ಕಾರು ಕೊಳ್ಳುವವನು ಮೂರು ಪತ್ರಗಳಲ್ಲಿ ಮೂರು ಸಲ ಬರೆದಿದ್ದ. ಬೆಳಗಿನಿಂದ ಯಾರೂ ಅದನ್ನು ಚಾಲೂ ಮಾಡಿರಬಾರದು, ಹನ್ನೊಂದು ಗಂಟೆಗೆ ವಿಡಿಯೋ ಕರೆಯಲ್ಲಿ ತನ್ನ ಕಣ್ಣೆದುರಿಗೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತೋರಿಸಬೇಕು, ಆಮೇಲೆ ಕೀಲಿ ತಿರುಗಿಸಬೇಕು. ಹಳೆಯ ಕಾರುಗಳ ರೋಗವೆಲ್ಲ ಹೊರಬೀಳುವುದು ತಣ್ಣಗಿರುವಾಗಲೇ, ಬಿಸಿಯಾದ ಮೇಲೆ ಎಲ್ಲ ಎಂಜಿನ್ನುಗಳೂ ಸಾಧುಗಳೇ ಎಂದು ಅವನ ವಾದ. ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತನ್ನೇ ಆಡುವವರನ್ನು ಕಂಡರೆ ಕನ್ನಡಕದ ಅಂಗಡಿಯವನಿಗೆ ಮೊದಲಿನಿಂದಲೂ ಮೈ ಉರಿ. ಅಂಗಡಿಗೆ ವಾರದ ರಜೆಯಿದ್ದ ಆ ದಿನ, ಇನ್ನೂ ಏಳು ಹೊಡೆಯುವ ಮೊದಲೇ ಅವನು ಮನೆಯ ಕೆಳಗಿನ ಷೆಡ್ಡಿನಲ್ಲಿ ಕಾರಿನ ಮುಂದೆ ನಿಂತಿದ್ದ. ತಾನೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ಕಬ್ಬಿಣ ತಣ್ಣಗೆ, ಯಾರಿಗೂ ಸೇರದ್ದರ ಹಾಗೆ ಇತ್ತು. ಮೇಲಿನ ಮಹಡಿಯಲ್ಲಿ ಹೆಂಡತಿಯ ಊರುಗೋಲಿನ ಸದ್ದು ಅಡುಗೆಮನೆಯಿಂದ ಅವಳ ಕೆಲಸದ ಮೇಜಿನವರೆಗೆ ಹೋಗಿ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಗು. ದೊಡ್ಡ ನಗುವಲ್ಲ, ಗಂಟಲಲ್ಲೇ ಹುಟ್ಟಿ ಅಲ್ಲೇ ಮುಗಿಯುವ, ಪಕ್ಕದಲ್ಲಿ ಯಾರೋ ಕೂತು ಕಿವಿಯಲ್ಲಿ ಹೇಳಿದ್ದಕ್ಕೆ ನಗುವಂಥದ್ದು. ಕಾರು ಕೊಳ್ಳುವ ಆ ಕಡಲಾಚೆಯವನ ಪತ್ರ ಬಂದಿದೆ ಎಂದು ಅವನಿಗೆ ಗೊತ್ತಾಯಿತು.

ಕಡಲಾಚೆಯವನು ಎನ್ನುವುದು ಅವನೇ ಇಟ್ಟ ಹೆಸರು. ಆ ಮನುಷ್ಯನಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು, ಪ್ರತಿ ಪತ್ರದ ಕೊನೆಯಲ್ಲಿ ಇರುತ್ತಿತ್ತು, ಹೆಂಡತಿ ಅದನ್ನು ಆ ಭಾಷೆಯವರ ಹಾಗೆಯೇ ಮೂಗಿನಿಂದ ಎಳೆದು ಹೇಳುತ್ತಿದ್ದಳು. ಅವಳ ಕಸುಬೇ ಅದು, ಕಾಗದಪತ್ರಗಳ ಭಾಷಾಂತರ: ಯಾರದೋ ವಿಚ್ಛೇದನ, ಯಾರದೋ ಅಂಕಪಟ್ಟಿ, ಇನ್ಯಾರದೋ ಮರಣಪತ್ರ. ಹದಿನೆಂಟು ವರ್ಷ ಊರವರ ಕಾಗದಗಳನ್ನು ಈ ದಡದಿಂದ ಆ ದಡಕ್ಕೆ ದಾಟಿಸಿದವಳು ಒಂದು ದಿನವೂ ಹೀಗೆ ನಕ್ಕಿರಲಿಲ್ಲ. ಅವನಿಗೆ ಆ ಭಾಷೆ ಬರುತ್ತಿರಲಿಲ್ಲ ಎಂದಲ್ಲ, ಕನ್ನಡಕದ ಚೌಕಟ್ಟುಗಳ ಪೆಟ್ಟಿಗೆಯ ಮೇಲಿನ ಬರಹ ಓದುವಷ್ಟು ಬರುತ್ತಿತ್ತು. ಅಷ್ಟರಲ್ಲಿ ಸರಕು ತರಿಸಬಹುದು, ನಗಿಸುವುದಾಗುವುದಿಲ್ಲ.

ಕಾರನ್ನು ಮಾರಬೇಕೆಂದವಳು ಅವಳೇ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಮೆಟ್ಟಿಲು ಹತ್ತುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಕೆಳಗೆ ಇದ್ದದ್ದು ಒಂದೇ ಜಾಗ, ಷೆಡ್ಡು. ಅದಕ್ಕೊಂದು ಕಿಟಕಿ, ನೆಲಕ್ಕೆ ಕಲ್ಲು, ಒಂದು ಬಚ್ಚಲು ಮಾಡಿಸಿದರೆ ಅವಳ ಮಂಚವೂ ಮೇಜೂ ಅಲ್ಲಿ ಹಿಡಿಸುತ್ತವೆ. ಕಾರು ಅಥವಾ ತಾನು ಎಂದು ಅವಳೇನೂ ಹೇಳಲಿಲ್ಲ. "ಎರಡಕ್ಕೂ ಜಾಗ ಇಲ್ಲ ಕಣ್ರೀ" ಎಂದಳು, ಅಷ್ಟೆ. ಕಾರು ಅವಳ ಅಪ್ಪನದು. ಬೂದು ನೀಲಿ ಬಣ್ಣ, ಎರಡೇ ಬಾಗಿಲು, ಮುಂದಿನ ದೀಪಗಳು ಸದಾ ಏನೋ ಕೇಳಿ ಬೆಚ್ಚಿದಂತೆ ಕಾಣುವವು. ಮಾವ ಹೋದಾಗ ಅದು ಇಟ್ಟಿಗೆಗಳ ಮೇಲೆ ಕೂತಿತ್ತು. ಅದನ್ನು ಮತ್ತೆ ಗಾಲಿಯ ಮೇಲೆ ನಿಲ್ಲಿಸಿದ್ದು ಅವನು. ಹನ್ನೊಂದು ವರ್ಷ, ಪ್ರತಿ ವಾರದ ರಜೆ, ಒಂದೊಂದು ತಿರುಪು. ಆದರೆ ಓಡಿಸುತ್ತಿದ್ದವಳು ಅವಳು. ಅವನು ಕೂತರೆ ಗೇರು ಕಿರುಚುತ್ತಿತ್ತು, ತಿರುವಿನಲ್ಲಿ ಎಂಜಿನ್ ನಿಂತು ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ಒಮ್ಮೆ ಅಂಗಡಿಯ ಎದುರೇ, ಗಿರಾಕಿಗಳು ನೋಡುತ್ತಿರುವಾಗಲೇ ಹಾಗಾಗಿ, ಅವಳು ಇಳಿದು ಈ ಕಡೆ ಬಂದು, "ಸ್ವಲ್ಪ ಸರೀರಿ" ಎಂದು ಸ್ಟಿಯರಿಂಗ್ ಹಿಡಿದು ಹೊರಟಿದ್ದಳು. ಸರಿದು ಕೂತದ್ದು ಅವನಿಗೆ ಇವತ್ತಿಗೂ ನೆನಪಿದೆ. ಸೀಟು ಅವಳ ಮೈಯಿಂದ ಬೆಚ್ಚಗಿತ್ತು.

ಮಾರಾಟದ ಜಾಲತಾಣದಲ್ಲಿ ಫೋಟೋ ಹಾಕಿದ್ದು ಅವಳ ತಮ್ಮ. ಬ್ಯಾಂಕಿನಲ್ಲಿ ಕೆಲಸ, ಆದ್ದರಿಂದ ಲೋಕದಲ್ಲಿ ನಡೆಯುವ ಮೋಸಗಳೆಲ್ಲ ಅವನಿಗೆ ಬಾಯಿಪಾಠ. ಕಡಲಾಚೆಯಿಂದ ಮೊದಲ ಪತ್ರ ಬಂದಾಗ ಅವನು ಬಂದು ಊಟದ ಮೇಜಿನ ಮೇಲೆ ಬೆರಳು ಕುಟ್ಟಿ ಹೇಳಿದ್ದ: "ನೋಡಿ ಭಾವ, ದುಡ್ಡು ಮೊದಲು, ಇಬ್ಬರ ನಡುವೆ ಹಿಡಿದಿಟ್ಕೊಳ್ಳೋ ಮಧ್ಯಸ್ಥ ಕಂಪನಿ ಹತ್ರ ಬಂದು ಬೀಳ್ಬೇಕು. ಯಾವ ಕಂಪನಿ ಅಂತ ನಾವು ಆರಿಸ್ಬೇಕು, ಅವ್ನು ಕಳಿಸಿದ ಲಿಂಕ್ ಒತ್ತೋ ಹಾಗಿಲ್ಲ. ಬಿತ್ತಾ ಇಲ್ವಾ ಅಂತ ಅವರ ನಂಬರು ನಾವೇ ಹುಡುಕಿ ಫೋನ್ ಮಾಡಿ ಕೇಳ್ಬೇಕು. ಅಲ್ಲಿವರೆಗೂ ಕೀಲಿನೂ ಇಲ್ಲ, ಕಾರಿನ ಅಸಲು ನೋಂದಣಿ ಪುಸ್ತಕನೂ ಇಲ್ಲ. ಜೆರಾಕ್ಸ್ ಕಳಿಸಿದ್ರೂ ಅದರ ಮೇಲೆ ಅಡ್ಡ ಗೆರೆ ಎಳೆದು, ನೋಡೋದಕ್ಕೆ ಮಾತ್ರ ಅಂತ ಬರೀರಿ." ಆಮೇಲೆ ದನಿ ತಗ್ಗಿಸಿ, "ಮುಖ್ಯವಾದದ್ದು ಇದು. ಜಾಸ್ತಿ ಕಳಿಸ್ತೀನಿ, ಅದ್ರಲ್ಲಿ ಇಷ್ಟು ಹಡಗಿನವ್ರಿಗೆ ಕೊಟ್ಬಿಡಿ ಅಂದ ಅಂದ್ರೆ, ಅಲ್ಲಿಗೆ ಕಳ್ಳ ಅಂತ ತಿಳ್ಕೊಳ್ಳಿ. ನೀವು ಕೊಟ್ಟಿದ್ದು ನಿಜವಾದ ದುಡ್ಡು, ಅವ್ನು ಕಳಿಸಿದ್ದು ಗಾಳಿ." ಹೆಂಡತಿ ಎಲ್ಲವನ್ನೂ ಬರೆದುಕೊಂಡಳು. ಅವನು ಬರೆದುಕೊಳ್ಳಲಿಲ್ಲ, ಆದರೆ ಭಾವಮೈದುನನ ಒಂದೊಂದು ಮಾತೂ ಎದೆಯಲ್ಲಿ ಕೂತಿತು. ಅಷ್ಟು ದೂರದವನ ಮೇಲೆ ಎಸೆಯಲು ಕಲ್ಲು ಬೇಕಾಗಿತ್ತು, ಭಾವಮೈದುನ ಬುಟ್ಟಿ ತುಂಬ ತಂದು ಸುರಿದಿದ್ದ.

ಎಸೆದ. ಆ ಮನುಷ್ಯ ಆ ದಿನದ ಪತ್ರಿಕೆ ಹಿಡಿದು ಫೋಟೋ ಕಳಿಸಲಿ ಎಂದ. ಹೆಂಡತಿ ಮುಖ ಸಿಂಡರಿಸಿ, ಹೀಗೆಲ್ಲ ಕೇಳುವುದಕ್ಕೆ ಅವರೇನು ಜೈಲಿನಿಂದ ಬಂದವರೇ ಎಂದಳು, ಆದರೂ ಬರೆದಳು. ಫೋಟೋ ಬಂತು, ಪತ್ರಿಕೆಯೇ ಮುಖದ ಮುಕ್ಕಾಲು ಮುಚ್ಚಿತ್ತು. ಅವನ ಊರಿನ ಹಳೆಯ ಕಾರಿನ ಸಂಘದವರ ಕೈಯಲ್ಲಿ ಒಂದು ಮಾತು ಬರೆಸಿ ಕಳಿಸಲಿ ಎಂದ. ಅದೂ ಬಂತು. ಹಾಗಿದ್ದಾಗ ಒಂದು ದಿನ ಕಡಲಾಚೆಯವನು, ಹಡಗಿನ ಬಾಡಿಗೆಯನ್ನೂ ನಿಮಗೇ ಕಳಿಸಲೇ, ನೀವೇ ಅಲ್ಲಿ ಕಟ್ಟಿಬಿಡುತ್ತೀರಾ ಎಂದು ಕೇಳಿ ಬರೆದ. ಅಂಗಡಿಯಲ್ಲಿ ಅದನ್ನು ಓದಿದಾಗ ಅವನ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. ಸಿಕ್ಕಿಬಿದ್ದ. ಕಳ್ಳ, ಪಕ್ಕಾ ಕಳ್ಳ. ಆ ದಿನ ಬಂದ ಗಿರಾಕಿಗೆಲ್ಲ ಕನ್ನಡಕದ ಬಟ್ಟೆ ಪುಕ್ಕಟೆ ಕೊಟ್ಟ. ಸಂಜೆ ಮನೆಗೆ ಹೋದರೆ ಹೆಂಡತಿ ಆಗಲೇ, ನಮ್ಮಲ್ಲಿ ಹಾಗಿಲ್ಲ, ಹಡಗಿನವರಿಗೆ ನೀವೇ ನೇರ ಕಟ್ಟಿ ಎಂದು ಬರೆದು, ಉತ್ತರವೂ ಬಂದು, ಆ ಮನುಷ್ಯ ಕ್ಷಮೆಯನ್ನೂ ಕೇಳಿಯಾಗಿತ್ತು. ನೀವು ಇಷ್ಟು ಜಾಗ್ರತೆ ಮಾಡುವುದು ನನಗೆ ನೆಮ್ಮದಿ ಎಂದು ಬೇರೆ ಬರೆದಿದ್ದ. "ಪಾಪ, ತುಂಬಾ ಮರ್ಯಾದಸ್ಥರು" ಎಂದಳು ಅವಳು. ಅವನಿಗೆ ಊಟ ಸೇರಲಿಲ್ಲ.

ಅಂಗಡಿಯಲ್ಲಿ ಓದಿದಾಗ, ಎಂದೆನಲ್ಲ. ಅದು ಹೀಗೆ. ಒಂದು ತಿಂಗಳ ಹಿಂದೆ ಅವಳು ಏನೋ ಮುದ್ರಿಸಿಕೊಳ್ಳಲು ಅಂಗಡಿಯ ಕಂಪ್ಯೂಟರಿನಲ್ಲಿ ತನ್ನ ಅಂಚೆ ತೆರೆದು, ಮುಚ್ಚದೆ ಹೋಗಿದ್ದಳು. ಮಾರನೆಯ ಬೆಳಿಗ್ಗೆ ಅವನು ಪರದೆ ಹಚ್ಚಿದರೆ ಅವಳ ಪತ್ರಗಳು ಸಾಲಾಗಿ ನಿಂತಿದ್ದವು. ಮುಚ್ಚುವುದಕ್ಕೆಂದೇ ಕೈ ಹಾಕಿದ. ಕಡಲಾಚೆಯಲ್ಲಿ ರಾತ್ರಿಯಾಗುವ ಹೊತ್ತಿಗೆ ಇಲ್ಲಿ ಅಂಗಡಿ ಬಾಗಿಲು ತೆಗೆಯುವ ಹೊತ್ತು, ಹೊಸ ಪತ್ರ ಬಂದು ದಪ್ಪ ಅಕ್ಷರದಲ್ಲಿ ಕೂತಿರುತ್ತಿತ್ತು. ಒತ್ತಿದರೆ ಅಕ್ಷರ ತೆಳ್ಳಗಾಗುತ್ತಿತ್ತು. ಫೋನಿನಲ್ಲಿ ತರ್ಜುಮೆ ಮಾಡಿಕೊಂಡು, ತಲೆಬುಡ ಸೇರದ ಕಡೆ ನಿಘಂಟು ಹಿಡಿದು, ಲೆನ್ಸು ಉಜ್ಜುವ ಯಂತ್ರದ ಹಿಂದೆ ಬಗ್ಗಿ ಕೂತು ಅವನು ಅವಳಿಗಿಂತ ಮೊದಲೇ ಓದುತ್ತಿದ್ದ. ಐವತ್ತನಾಲ್ಕು ವರ್ಷದ ಗಂಡಸು, ನಾಲ್ಕು ಜನ ನಂಬಿ ಕಣ್ಣು ಕೊಡುವವನು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎಂದು ತನಗೆ ತಾನೇ ಹೇಳಿಕೊಂಡರೂ, ಮಾರನೆಯ ಬೆಳಿಗ್ಗೆ ಮತ್ತೆ ಅದೇ ಹಾಲು.

ಒಂದು ದಿನ ಕಡಲಾಚೆಯವನು, ಫೋಟೋದಲ್ಲಿ ಕಾಣದ ಊನಗಳೇನಾದರೂ ಇದ್ದರೆ ತಿಳಿಸಿ ಎಂದು ಕೇಳಿದ್ದ. ಅವಳು ಕಳಿಸಿದ ಉತ್ತರ ಉದ್ದವಾಗಿತ್ತು. ಅಪ್ಪ ಗೇಟಿಗೆ ಗುದ್ದಿದ್ದು, ಚಳಿಯಲ್ಲಿ ಏರದ ಎಡಗಡೆಯ ಗಾಜು. ಆಮೇಲೆ ಇದು: ಹಿಂದಿನ ಸೀಟಿನ ಎಡತುದಿಯಲ್ಲಿ, ತೇಪೆಯ ಕೆಳಗೆ, ಸುಟ್ಟ ಕಲೆಯೊಂದಿದೆ. ಅದು ನನ್ನ ಮೊದಲ ಸಿಗರೇಟಿನದು. ನನಗಾಗ ಹತ್ತೊಂಬತ್ತು. ನಾನು ಒಬ್ಬಳೇ ಇರಲಿಲ್ಲ. ನನ್ನ ಗಂಡ ಅದನ್ನು ತುಂಬ ಜೋಪಾನವಾಗಿ ಮುಚ್ಚಿದ್ದಾರೆ, ಅವರಿಗೆ ಈ ವಿಷಯ ಹೇಳಿಲ್ಲ.

ಆಗ ಅಂಗಡಿಯಲ್ಲಿ ಒಬ್ಬ ಗಿರಾಕಿ ಎತ್ತರದ ಕುರ್ಚಿಯಲ್ಲಿ, ಪರೀಕ್ಷೆಯ ದಪ್ಪ ಚೌಕಟ್ಟನ್ನು ಮೂಗಿನ ಮೇಲೆ ಹೊತ್ತು ಕಾಯುತ್ತಿದ್ದ. ಅವನು ಎದ್ದು ಹೋಗಿ ಲೆನ್ಸು ಹಾಕಿದ, ತಿರುಗಿಸಿದ. "ಮೊದಲನೇದು ಚೆನ್ನಾಗಿ ಕಾಣುತ್ತೋ, ಎರಡನೇದೋ?" ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆ. ಗಿರಾಕಿ ಪಾಪ ತಡವರಿಸಿ, "ಎರಡೂ ಒಂದೇ ಥರ ಕಾಣ್ತಿದೆ" ಎಂದ, ತನ್ನದೇ ತಪ್ಪೆನ್ನುವ ಹಾಗೆ. ಜನಕ್ಕೆ ಗೊತ್ತಿರುವುದಿಲ್ಲ, ಎರಡೂ ಒಂದೇ ಥರ ಕಂಡಿತೆಂದರೆ ಅಲ್ಲಿಗೆ ನಂಬರು ಸಿಕ್ಕಿತು ಎಂದರ್ಥ. ಕೆಲವರು ಸಾಕಾಗಿ, ಎದ್ದು ಹೋದರೆ ಸಾಕೆಂದು ಹಾಗೆ ಹೇಳುವುದೂ ಉಂಟು. ಅವನು ಚೀಟಿಯ ಮೇಲೆ ನಂಬರು ಬರೆದ. ಆ ತೇಪೆ! ಆ ಕಂದು ಬಣ್ಣದ ತೊಗಲಿಗಾಗಿ ಎರಡು ತಿಂಗಳು ಚೀಲ ಹೊಲಿಯುವವರ ಅಂಗಡಿಗಳನ್ನೆಲ್ಲ ಅಲೆದಿದ್ದ. ಬಣ್ಣ ಒಂದು ಛಾಯೆ ಹೆಚ್ಚಾಯಿತೆಂದು ಚಹಾದ ನೀರಿನಲ್ಲಿ ನೆನೆಸಿ ಇಳಿಸಿದ್ದ. ಹಿಂದೆ ಯಾವನೋ ಕುಡುಕ ಸೇದಿ ಸುಟ್ಟಿರಬೇಕು ಎಂದು ಬೈದುಕೊಳ್ಳುತ್ತ ಹೊಲಿದಿದ್ದ, ಅವಳು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದಳು. ಟಾರ್ಚು ಹಿಡಿದಿದ್ದಳು, ಬಾಯಿ ಬಿಡಲಿಲ್ಲ. ಒಬ್ಬಳೇ ಇರಲಿಲ್ಲವಂತೆ. ಹಿಂದಿನ ಸೀಟಿನಲ್ಲಿ. ಎರಡು ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಬಗ್ಗಿಸಿ, ತಲೆ ತಗ್ಗಿಸಿ, ಒಬ್ಬರ ಕೈ ಒಬ್ಬರು ಹಿಡಿದೇ ಹೋಗಬೇಕು. ಅದು ಅವನಿಗೆ ಚೆನ್ನಾಗಿ ಗೊತ್ತು. ಕಡಲಾಚೆಯವನು ಇದಕ್ಕೆ ಉತ್ತರವಾಗಿ, ಒಳಗೆ ಏನೂ ನಡೆಯದಿದ್ದ ಕಾರು ನನಗೆ ಬೇಡ, ಆ ಕಲೆಯನ್ನು ನನಗೊಮ್ಮೆ ತೋರಿಸುತ್ತೀರಾ ಎಂದು ಬರೆದಿದ್ದ. ಅಂಥ ಮಾತು ತನಗೆ ಯಾಕೆ ಹೊಳೆಯುವುದಿಲ್ಲ? ಮೂರು ವಾರದಿಂದ ಅವನು ಅವಳ ಮುಖ ನೋಡಿದಾಗಲೆಲ್ಲ ಆ ಮುಖದ ಹಿಂದೆ ಹತ್ತೊಂಬತ್ತರವಳೊಬ್ಬಳು ಹೊಗೆ ಬಿಡುತ್ತಿದ್ದಳು, ಅವಳ ಪಕ್ಕದಲ್ಲಿ ಮುಖವಿಲ್ಲದವನೊಬ್ಬ ಕೂತಿರುತ್ತಿದ್ದ. ಕೇಳಬಹುದಿತ್ತು. ಕೇಳಿದರೆ, ನಿಮಗೆ ಹೇಗೆ ಗೊತ್ತು ಎಂಬುದು ಮೊದಲು ಬರುತ್ತಿತ್ತು.

ಆದ್ದರಿಂದ ಆ ರಜೆಯ ಬೆಳಿಗ್ಗೆ ಅವನು ಷೆಡ್ಡಿನಲ್ಲಿ ಬಾನೆಟ್ ಎತ್ತಿದ. ಎಂಜಿನ್ನಿನ ಕಿಡಿಯನ್ನು ಹಂಚುವ ಕಪ್ಪು ಡಬ್ಬಿಯ ಕೊಕ್ಕೆಗಳನ್ನು ಬಿಚ್ಚಿ, ಒಳಗಿದ್ದ ರೋಟರನ್ನು ಎಳೆದು ತೆಗೆದ. ಹೆಬ್ಬೆರಳಿನಷ್ಟು ದೊಡ್ಡ ತುಂಡು. ಅದಿಲ್ಲದಿದ್ದರೆ ಬ್ಯಾಟರಿ ಎಷ್ಟು ಕೂಗಿದರೂ ಎಂಜಿನ್ ಹತ್ತಿಕೊಳ್ಳದು, ಯಾಕೆಂದು ಹೊರಗೆ ಕಾಣುವುದೂ ಇಲ್ಲ. ತಣ್ಣಗಿರುವಾಗ ಏಳದ ಕಾರನ್ನು ಸಮುದ್ರ ದಾಟಿಸಿಕೊಂಡು ಯಾರೂ ಕೊಳ್ಳುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಡಲಾಚೆಯವನು ಹೋಗುತ್ತಾನೆ, ಆಮೇಲೆ ಈ ಊರಿನವನೇ ಯಾರಾದರೂ ಬರುತ್ತಾನೆ, ಪತ್ರ ಬರೆಯದವನು. ಅಷ್ಟರವರೆಗೆ ಅವಳ ಮಂಚ? ಮೆಟ್ಟಿಲಿಗೊಂದು ಹಿಡಿಕಂಬಿ ಹಾಕಿಸಿದರಾಯಿತು ಎಂದುಕೊಂಡ. ಹದಿನಾಲ್ಕು ಮೆಟ್ಟಿಲು ಇಳಿಯಲು ಅವಳಿಗೆ ಹಿಡಿಯುತ್ತಿದ್ದ ಹೊತ್ತು, ಪ್ರತಿ ಮೆಟ್ಟಿಲಿಗೂ ಅವಳ ತುಟಿ ಒಳಗೆ ಸೇರುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ರೋಟರನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಹೊಟ್ಟೆಕಿಚ್ಚಿಗೆ ಸೊಂಟದ ನೋವು ಯಾವ ಲೆಕ್ಕ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅವಳನ್ನು ಕೈ ಹಿಡಿದು ಇಳಿಸಿದ. ಅವಳು ಒಳ್ಳೆಯ ಅಂಗಿ ಹಾಕಿಕೊಂಡಿದ್ದಳು, ಕೂದಲು ಎತ್ತಿ ಕಟ್ಟಿದ್ದಳು. ಷೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿದ. ಫೋನನ್ನು ಸಾಮಾನಿನ ಪೆಟ್ಟಿಗೆಗೆ ಒರಗಿಸಿಟ್ಟರು. ತಾನು ಮೂರು ವಾರದಿಂದ ದ್ವೇಷಿಸಿದ ಮುಖ ಹೇಗಿರಬಹುದೆಂದು ಅವನು ಸಾವಿರ ಸಲ ಮನಸ್ಸಿನಲ್ಲೇ ಚಿತ್ರಿಸಿಕೊಂಡಿದ್ದ: ಅಗಲ ಹೆಗಲು, ಬೆಳ್ಳಿ ಕೂದಲು, ನಿಧಾನವಾದ ನಗು. ಪರದೆಯ ಮೇಲೆ ಬಂದದ್ದು ಒಬ್ಬ ಸಣಕಲ, ದೊಡ್ಡ ಕಿವಿ, ಮೊಣಕೈ ಹರಿದ ಉಣ್ಣೆಯಂಗಿ. ಹಿಂದಿನ ಗೋಡೆಯಲ್ಲಿ ಮೊಳೆ, ತಿರುಪು ತುಂಬಿದ ಗಾಜಿನ ಬಾಟಲಿಗಳ ಸಾಲು. ಇಲ್ಲಿ ಈ ಷೆಡ್ಡಿನಲ್ಲೂ ಅಂಥದ್ದೇ ಸಾಲಿತ್ತು. ಆ ಸಣಕಲನ ಕನ್ನಡಕದ ಎಡಗಾಲು ಬಗ್ಗಿ ಒಂದು ಗಾಜು ಹುಬ್ಬಿಗೆ ಏರಿತ್ತು, ಎರಡು ನಿಮಿಷದ ಕೆಲಸ, ಯಾರೂ ಮಾಡಿಕೊಟ್ಟಿರಲಿಲ್ಲ. ಆ ಮನುಷ್ಯ ಹೆಂಡತಿಗೆ ಒಂದು ನಮಸ್ಕಾರ ಹೇಳಿ ಆಮೇಲೆ ಅವಳತ್ತ ನೋಡಲೇ ಇಲ್ಲ. ಹಿಂದಿನ ಇರುಸು ತೋರಿಸಿ, ತಳದ ಬೆಸುಗೆ ತೋರಿಸಿ, ಇದನ್ನು ಮಾಡಿದ್ದು ಯಾರು, ಕೈಯಲ್ಲೇ ಮಾಡಿದ್ದೇ ಎಂದು ಕೇಳುತ್ತ ಹೋದ. ಅವಳು ಎರಡೂ ಕಡೆಯ ಮಾತನ್ನು ದಾಟಿಸುತ್ತಿದ್ದಳು. "ಇಷ್ಟು ತಾಳ್ಮೆ ನಂಗಿಲ್ಲ, ನಿಮ್ಮ ಮೇಲೆ ಹೊಟ್ಟೆಕಿಚ್ಚಾಗುತ್ತೆ ಅಂತಿದ್ದಾರೆ" ಎಂದಳು. ರೋಟರು ಜೇಬಿನಲ್ಲಿತ್ತು. ಈಗ ಬಾನೆಟ್ ಎತ್ತಿ ಅದನ್ನು ಹಾಕಿದರೆ ಇಬ್ಬರೂ ನೋಡುತ್ತಾರೆ, ಹಾಕದಿದ್ದರೆ ಕಾರು ಏಳುವುದಿಲ್ಲ. ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು ತೋರಿಸಿದ, ತಣ್ಣಗಿದೆ ಎಂದ. ಒಳಗೆ ಕೂತು ಕೀಲಿ ತಿರುಗಿಸಿದ.

ಕಾರು ಮುಲುಗಿತು. ಎರಡನೆಯ ಸಲವೂ ಮುಲುಗಿತು. ಮೂರನೆಯ ಸಲ ತಿರುಗಿಸುವಾಗ ಪರದೆಯ ಮೇಲಿನ ಮುಖ ಫೋನಿನ ಹತ್ತಿರಕ್ಕೆ ಬಂದು, ಕಾಯಿಲೆಯವರ ಕೋಣೆಯ ಬಾಗಿಲಲ್ಲಿ ನಿಂತವರ ಹಾಗೆ ಸುಮ್ಮನಾಯಿತು. ಗೆದ್ದೆ ಎಂದು ಅವನಿಗೆ ಅನ್ನಿಸಬೇಕಾಗಿತ್ತು. ಆ ಸಣಕಲನ ಹರಿದ ಮೊಣಕೈ ನೋಡಿ ಅನ್ನಿಸಲಿಲ್ಲ. ಹೆಂಡತಿ ತಲೆ ವಾರೆ ಮಾಡಿ ಕೇಳುತ್ತಿದ್ದಳು, ಎಂಜಿನ್ನಿನ ಸದ್ದನ್ನೋ ಅದರಲ್ಲಿ ಇಲ್ಲದ್ದನ್ನೋ.

"ಒಂದು ಸಲನೂ ಕೆಮ್ಮಲಿಲ್ಲ" ಎಂದಳು ತನ್ನಷ್ಟಕ್ಕೆ. ಆಮೇಲೆ ಮನೆಮಾತಿನಲ್ಲಿ, ಮುಖದ ಮೇಲಿನ ನಗೆ ಕದಲಿಸದೆ: "ರೀ, ಜೇಬಲ್ಲಿರೋದನ್ನ ಅದರ ಜಾಗಕ್ಕೆ ಹಾಕಿ."

"ಯಾವ ಜೇಬು?" ಎನ್ನುವಷ್ಟರಲ್ಲಿ ಅವನ ಕೈ ಎದೆಗೆ ಹೋಗಿಯಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನನ್ನು ನೋಡಿ ಅವನೇ ಎಷ್ಟು ಸಲ ನಕ್ಕಿದ್ದ.

"ಅಪ್ಪ ಇಟ್ಕೊಳ್ತಿದ್ದ ಜೇಬು."

ಮಾವ ಎಲ್ಲಿ ಕಾರು ನಿಲ್ಲಿಸಿದರೂ ಬಾನೆಟ್ ಎತ್ತಿ ಆ ತುಂಡನ್ನು ಕಿತ್ತು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬೀಗ ನಂಬುವವನು ಕಳ್ಳನಿಗಿಂತ ಪೆದ್ದ ಎಂದು ಅವರ ಮತ. ಇವರ ಮದುವೆಯ ರಿಜಿಸ್ಟರಿಗೆ ಸಾಕ್ಷಿ ಹಾಕಲು ಪೆನ್ನು ತೆಗೆದಾಗ ಜೇಬಿನ ಆ ತುಂಡು ಉರುಳಿ ಮದುಮಗನ ಕಾಲ ಬಳಿ ಬಿದ್ದಿತ್ತು. ಎತ್ತಿಕೊಟ್ಟವನು ಅವನೇ. ಇಪ್ಪತ್ತಾರು ವರ್ಷದ ಹಿಂದೆ ಎತ್ತಿಕೊಟ್ಟದ್ದನ್ನು ಇವತ್ತು ಕದ್ದು, ಅದನ್ನು ಮಗಳು ಮರೆತಿರುತ್ತಾಳೆಂದು ನಂಬಿದವನಿಗಿಂತ ಪೆದ್ದ ಇರಲಾರ. ಅವನು ಇಳಿದು ಬಾನೆಟ್ ಎತ್ತಿದ. ಬೆನ್ನ ಹಿಂದೆ ಅವಳು ಕಡಲಾಚೆಯವನಿಗೆ ಏನೋ ಹೇಳುತ್ತಿದ್ದಳು. ಅಪ್ಪ, ಅಭ್ಯಾಸ, ಜಾಗ್ರತೆ ಎನ್ನುವ ಮೂರು ಪದ ಅವನಿಗೆ ತಿಳಿದವು. ಆ ಕಡೆಯಿಂದ ನಗು ಬಂತು, ಸಂತೋಷದ ನಗು. "ಅವರ ಚಿಕ್ಕಪ್ಪನೂ ಹೀಗೇ ಮಾಡ್ತಿದ್ರಂತೆ. ನಿಮ್ಮನ್ನ ಪೂರ್ತಿ ನಂಬಬಹುದು ಅಂತಿದ್ದಾರೆ" ಎಂದಳು. ಪೂರ್ತಿ ಎನ್ನುವುದನ್ನು ಅವಳು ಸ್ವಲ್ಪ ಎಳೆದಳು.

"ಚೋಕ್ ಎಳೀರಿ. ಎರಡು ಸಲ ಕಾಲೊತ್ತಿ. ಈಗ ಏಳರ ತನಕ ಎಣಿಸಿ" ಎಂದಳು. ಅವನು ಎಣಿಸಿದ. ಕಾರು ಕೆಮ್ಮಿತು, ಮೈ ಒದರಿತು, ಹತ್ತಿಕೊಂಡಿತು. ಕಡಲಾಚೆಯವನು ಆ ವಾರೆ ಕನ್ನಡಕ ತೆಗೆದು, ಕಣ್ಣು ಮುಚ್ಚಿ ಕೇಳಿದ. ಆಮೇಲೆ ಸಂಕೋಚದಿಂದ ಏನೋ ಕೇಳಿದ. ಅವಳು ಮಾತು ದಾಟಿಸದೆ ಗಂಡನ ಮುಖ ನೋಡಿದಳು. ಅವನಿಗೆ ಕೇಳದೆಯೇ ತಿಳಿಯಿತು. ಕನ್ನಡಕ ರಿಪೇರಿಯ ಪುಟ್ಟ ಬ್ಲೇಡು ತೆಗೆದುಕೊಂಡು, ಮುಂದಿನ ಸೀಟು ಬಗ್ಗಿಸಿ, ತಲೆ ತಗ್ಗಿಸಿ ಹಿಂದಕ್ಕೆ ಹೋದ. ತನ್ನದೇ ಹೊಲಿಗೆ, ಒಂದಕ್ಕೊಂದು ಸಮ, ಇಪ್ಪತ್ತೆರಡು. ಒಂದೊಂದನ್ನೇ ಕುಯ್ದ. ತೇಪೆ ಎದ್ದು ಬಂತು. ಕೆಳಗೆ ಕಡಲೆಕಾಳಿನಷ್ಟು ತೂತು, ಅಂಚು ಕಪ್ಪಗೆ ಗಟ್ಟಿಯಾಗಿತ್ತು. ಬೆರಳಿಟ್ಟು ನೋಡಿದ. ಫೋನನ್ನು ಅದರ ಹತ್ತಿರ ಹಿಡಿದ. ಇದನ್ನೇಕೆ ಬಿಚ್ಚಬೇಕು, ಇದೇನು ಎಂದು ಅವನು ಕೇಳಬೇಕಿತ್ತು, ಆಶ್ಚರ್ಯವನ್ನಾದರೂ ನಟಿಸಬೇಕಿತ್ತು. ಎರಡೂ ಮಾಡಲಿಲ್ಲ ಎಂಬುದು ಅವಳು ಮೇಲಕ್ಕೆ ಹತ್ತುವಾಗ, ಆರನೆಯ ಮೆಟ್ಟಿಲಿನಲ್ಲಿ ಹೊಳೆಯಿತು. ಅವಳು ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದ.

"ಅವರು ಕೇಳಿದ್ರು, ಹೇಳ್ದೆ. ನೀವು ಮುಚ್ಚಿದ್ರಿ, ಟಾರ್ಚ್ ಹಿಡಿದೆ" ಎಂದಳು. ಏಳನೆಯ ಮೆಟ್ಟಿಲಿಗೆ ಕಾಲಿಟ್ಟಳು. ರೋಟರಿನ ಮಾತು ಅವತ್ತೂ ಎತ್ತಲಿಲ್ಲ, ಕಾರು ಹೋಗುವ ತನಕವೂ ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮುಂದಿನದೆಲ್ಲ ಭಾವಮೈದುನನ ಪಟ್ಟಿಯ ಪ್ರಕಾರ ನಡೆಯಿತು. ಪರೀಕ್ಷಕನೊಬ್ಬ ಬಂದು ತಳ ಬಡಿದು ನೋಡಿ ಹೋದ, ಸಾಗಾಟದ ಪರವಾನಗಿ ಬಂತು, ಮಧ್ಯಸ್ಥ ಕಂಪನಿಗೆ ಹಣ ಬಂದು ಬಿತ್ತೆಂದು ಆ ಕಡೆಯಿಂದ ಕಾಗದ ಬಂದರೂ ಭಾವಮೈದುನ ನಂಬದೆ ತಾನೇ ನಂಬರು ಹುಡುಕಿ ಎರಡು ಸಲ ವಿಚಾರಿಸಿದ. ಮಂಗಳವಾರ ಮಧ್ಯಾಹ್ನ ಫೋನ್ ಮಾಡಿ, "ಬಿದ್ದಿದೆ ಭಾವ. ಈಗ ಕೀಲಿ ಕೊಡಿ" ಎಂದ. ಸಾಗಾಟದ ಲಾರಿಯವನು ಹಲಗೆ ಇಳಿಸಿ ಕಾಯುತ್ತಿದ್ದ. ಕೀಲಿ ಕೊಟ್ಟ. ಅಸಲು ಪುಸ್ತಕ ಕೊಟ್ಟ. ಲಾರಿ ತಿರುವಿನಲ್ಲಿ ಮರೆಯಾಗುವಾಗ ಕಾರಿನ ಮುಖ ಹಿಂದಕ್ಕಿತ್ತು, ಅದೇ ಬೆಚ್ಚಿದ ಕಣ್ಣು. ಕಡಲಾಚೆಯವನು ಅವಳಿಗೆ ಇನ್ನು ಪತ್ರ ಬರೆಯಲಿಕ್ಕಿಲ್ಲ ಎನ್ನುವುದು ಅವನಿಗೆ ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ. ಹರಿದ ಮೊಣಕೈಯವನನ್ನು ದ್ವೇಷಿಸಲಾಗದೆ ಹೋದ ಮೇಲೆ ಉಳಿದದ್ದು ಅವನೊಬ್ಬನೇ, ಹಿಂದಿನ ಸೀಟಿನ ಮುಖವಿಲ್ಲದವನು. ಅವನನ್ನು ಯಾವ ಹಡಗೂ ಒಯ್ದಿರಲಿಲ್ಲ.

ಷೆಡ್ಡು ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ನೆಲದಲ್ಲಿ ಹನ್ನೊಂದು ವರ್ಷದ ಎಣ್ಣೆಯ ಕಲೆ. ಮಾರನೆಯ ದಿನ ಕಲ್ಲು ಹಾಸುವವರು ಬರುವುದಿತ್ತು. ಅವಳು ಊರುಗೋಲಿನಿಂದ ಗಾಳಿಯಲ್ಲಿ ಗೆರೆ ಎಳೆದು, ಮಂಚ ಇಲ್ಲಿ, ಮೇಜು ಅಲ್ಲಿ ಎಂದು ತೋರಿಸಿ, ಮಂಚ ಬರುವ ಜಾಗದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಳು. ಅವನು ಬಾಟಲಿಗಳ ಸಾಲಿನ ಕೆಳಗೆ, ಸಾಮಾನಿನ ಪೆಟ್ಟಿಗೆಯ ಮೇಲೆ ಕೂತ. ಕೇಳಬಾರದು ಎಂದುಕೊಂಡ. ಕೇಳಿದ.

"ಅವತ್ತು ನಿನ್ನ ಜೊತೆ ಇದ್ದದ್ದು ಯಾರು?"

"ಯಾವತ್ತು?"

"ಹತ್ತೊಂಬತ್ತನೇ ವಯಸ್ಸಲ್ಲಿ." ಹೇಳಿ ಆದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ.

ಅವಳು ಬೆಚ್ಚಲಿಲ್ಲ. ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡಳು. "ಅವರ ಪತ್ರ ನಾನು ತೆಗೆಯೋ ಹೊತ್ತಿಗೆ ದಿನಾ ಯಾರೋ ಓದಿಟ್ಟಿರ್ತಿದ್ರು ಕಣ್ರೀ. ದಪ್ಪಗಿರ್ಬೇಕಾದ ಅಕ್ಷರ ತೆಳ್ಳಗಿರ್ತಿತ್ತು. ಊರವರ ಕಣ್ಣು ನೋಡೋರು ನೀವು, ಅಷ್ಟೂ ಗೊತ್ತಾಗ್ಲಿಲ್ವಾ?"

ಅವನು ಚಪ್ಪಲಿಯ ತುದಿಯಿಂದ ನೆಲದ ಎಣ್ಣೆಯ ಕಲೆಯನ್ನು ಉಜ್ಜಿದ.

"ಒಬ್ಬಳೇ ಇದ್ದೆ" ಎಂದಳು. "ಅಪ್ಪನ ಪ್ಯಾಕಿಂದ ಒಂದು ಕದ್ದು, ಮನೇಲಿ ಯಾರೂ ಇಲ್ಲದಾಗ, ಬಾಗಿಲು ಹಾಕ್ಕೊಂಡು. ಕೆಮ್ಮು ಬಂದು ಕೈಯಿಂದ ಬಿತ್ತು. ಒಬ್ಬಳೇ ಇರ್ಲಿಲ್ಲ ಅಂತ ಬರೆದದ್ದು ಅವರಿಗಲ್ಲ. ನಿಮಗೆ. ಓದಿ ನೀವು ಬಂದು ಕೇಳ್ತೀರಿ ಅಂತ. ಜಗಳನಾದ್ರೂ ಆಡ್ತೀರಿ ಅಂತ. ಮೂರು ವಾರ ಕಾದೆ. ನೀವು ಬಾನೆಟ್ ಎತ್ತಿದ್ರಿ."

ಹೊರಗೆ ರಸ್ತೆಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು. ಅವನಿಗೆ ನಂಬಿಕೆಯಾಯಿತು. ಮರುಗಳಿಗೆ ಆಗಲಿಲ್ಲ. ಒಬ್ಬಳೇ ಇದ್ದೆನೆಂದು ಈಗ ಹೇಳುತ್ತಿರುವುದೂ, ಅವತ್ತು ರೋಟರಿಗೆ ಅಪ್ಪನ ಅಭ್ಯಾಸ ಎಂದು ಹೇಳಿದ ಹಾಗೆ, ಅವನ ಮರ್ಯಾದೆ ಮುಚ್ಚುವುದಕ್ಕೇ ಇರಬಹುದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಗೊತ್ತಿದ್ದೂ ಹಳದಿಯೇ ಕಾಣುತ್ತಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ತುಟಿಯ ಒಂದು ತುದಿ ಎದ್ದಿತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ.

"ಹೇಳಿ" ಎಂದಳು, ಅವನ ಅಂಗಡಿಯ ದನಿಯನ್ನೇ ಅಣಕಿಸುತ್ತ. "ಯಾರೋ ಇದ್ರು ಅನ್ನೋದು ಚೆನ್ನಾಗಿ ಕಾಣುತ್ತೋ, ಯಾರೂ ಇರ್ಲಿಲ್ಲ ಅನ್ನೋದೋ? ಮೊದಲನೇದೋ, ಎರಡನೇದೋ?"

ಎತ್ತರದ ಕುರ್ಚಿಯಲ್ಲಿ, ಮೂಗಿನ ಮೇಲೆ ಭಾರ ಹೊತ್ತು, ತಪ್ಪು ಹೇಳಿಬಿಟ್ಟರೆ ಎಂದು ತಡವರಿಸುವವರ ಪಾಡು ಅವನಿಗೆ ಮೊದಲ ಸಲ ತಿಳಿಯಿತು.

"ಎರಡೂ ಒಂದೇ ಥರ ಕಾಣ್ತಿದೆ" ಎಂದ.

ನಿಜ ಹೇಳುವವರೂ ಎದ್ದು ಹೋದರೆ ಸಾಕೆನ್ನುವವರೂ ಆ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಾರೆ. ತಾನು ಯಾವ ಗುಂಪಿನವನೆಂದು ಅವನಿಗೇ ತಿಳಿಯಲಿಲ್ಲ. ಅವಳು ಕೈ ಚಾಚಿದಳು, ಏಳುವುದಕ್ಕೆ. ಅವನು ಬಂದು ಹಿಡಿದುಕೊಂಡ. ಅವಳ ಭಾರವೆಲ್ಲ ಅವನ ತೋಳಿನ ಮೇಲೆ ಬಂತು, ತುಟಿ ಒಳಗೆ ಸೇರಿತು.

"ನೋವಾ?" ಎಂದು ಕೇಳಿದ.

"ಹೂಂ" ಎಂದಳು. "ತುಂಬಾ."